ಸ್ಫೋಟವೂ ಶ್ರವಣಶಕ್ತಿಯೂ

1972ನೆಯ ಇಸವಿ ಮಾರ್ಚ್ 4ನೆಯ ದಿನ, ಶನಿವಾರ ಮಧ್ಯಾಹ್ನ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಅಬರ್‌ಕಾರ್ನ್ ಎಂಬ ಉಪಾಹಾರಗೃಹದಲ್ಲಿ ಬಾಂಬೊಂದು ಸಿಡಿಯಿತು. ಪೇಟೆಗೆ ಬಂದಿದ್ದ ಜನರಿಂದ ಆ ಗೃಹ ಕಿಕ್ಕಿರಿದಿತ್ತು. ಎಚ್ಚರಿಕೆಯ ದೂರವಾಣಿ ಕರೆ ಬಂದದ್ದು ಕೆಲವೇ ನಿಮಿಷ ಮುಂಚೆ. ಇಬ್ಬರು ತರುಣಿಯರು ಮಡಿದರು. 130ಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಲವರು ಕಾಲುಗಳನ್ನೇ ಕಳೆದುಕೊಂಡರು. 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ ಆ ನಾಡನ್ನು ಕಾಡಿದ ಸಶಸ್ತ್ರ ಕಲಹದಲ್ಲಿ 3,500ರಷ್ಟು ಜನ ಸತ್ತರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಯಾವ ಸೈನ್ಯಕ್ಕೂ ಸೇರದ ಸಾಮಾನ್ಯ ನಾಗರಿಕರು.

ಅಬರ್‌ಕಾರ್ನ್ ದುರಂತದಲ್ಲಿ ಬದುಕುಳಿದವರ ಕಿವಿಗಳನ್ನು ಬೆಲ್‌ಫಾಸ್ಟಿನ ವೈದ್ಯರಾದ ಕೆರ್ ಮತ್ತು ಬರ್ನ್ ಎಂಬವರು ಕ್ರಮವಾಗಿ ಪರೀಕ್ಷಿಸಿ, ತಾವು ಕಂಡುದನ್ನು 1975ರಲ್ಲಿ ಪ್ರಕಟಿಸಿದರು. ಯುದ್ಧರಂಗದ ಸೈನಿಕರ ಕಿವಿಗಳನ್ನು ಕುರಿತು ಅದಕ್ಕೆ ಮೊದಲೂ ಬರಹಗಳಿದ್ದವು. ಆದರೆ ಮೇಜಿನ ಮುಂದೆ ಚಹಾ ಕುಡಿಯುತ್ತಿದ್ದ ನಾಗರಿಕರ ಕಿವಿಗೆ ಬಾಂಬು ಏನು ಮಾಡುತ್ತದೆಂಬುದನ್ನು ಇಷ್ಟು ಜಾಗರೂಕತೆಯಿಂದ ತಿಳಿಸಿದ ಬರಹಗಳು ವಿರಳ. ಅದನ್ನೇ ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸೋಣ.

ಕಿವಿಯು ಅತಿ ಸೂಕ್ಷ್ಮವಾದ ಒತ್ತಡಮಾಪಕ. ಸಾಧಾರಣ ಮಾತಿನಿಂದ ಗಾಳಿಯಲ್ಲಿ ಉಂಟಾಗುವ ಒತ್ತಡದ ವ್ಯತ್ಯಾಸ ಒಂದು ಪ್ಯಾಸ್ಕಲಿನ ಐವತ್ತನೆಯ ಒಂದು ಭಾಗದಷ್ಟು. ಈ ಅಲ್ಪ ಚಲನೆಯನ್ನು ಒಳಕಿವಿಯ ದ್ರವಕ್ಕೆ ಮುಟ್ಟಿಸಲು ಪ್ರಕೃತಿ ಒಂದು ಉಪಾಯವನ್ನು ಮಾಡಿದೆ. ಕರ್ಣಪಟಲದ ಹರವು ದೊಡ್ಡದು. ಒಳಕಿವಿಯ ಬಾಗಿಲಲ್ಲಿ ಕುಳಿತ ರಿಕಾಪು ಮೂಳೆಯ ಪಾದ ಅದರ ಸುಮಾರು ಹದಿನೇಳನೆಯ ಒಂದು ಭಾಗ. ಅಗಲದ ಮೇಲೆ ಬಿದ್ದ ಬಲ ಕಿರಿದಾದ ಸ್ಥಳದಲ್ಲಿ ಕೂಡುವುದರಿಂದ ಒತ್ತಡವು ಅಷ್ಟು ಪಾಲು ಹೆಚ್ಚುತ್ತದೆ. ಪಿಸುಮಾತನ್ನು ನಮಗೆ ಕೇಳಿಸುವ ಈ ಏರ್ಪಾಡೇ ಸ್ಫೋಟದ ಹೊತ್ತಿನಲ್ಲಿ ಕಿವಿಗೆ ಮುಳುವಾಗುತ್ತದೆ.

ಸಿಡಿಮದ್ದು ಕ್ಷಣಮಾತ್ರದಲ್ಲಿ ಅನಿಲವಾಗಿ ಹಿಗ್ಗಿದಾಗ ಸುತ್ತಲಿನ ಗಾಳಿಯು ಅದುಮಲ್ಪಟ್ಟು, ಶಬ್ದಕ್ಕಿಂತ ಮಿಗಿಲಾದ ವೇಗದಲ್ಲಿ ಆಘಾತದ ಅಲೆಯಾಗಿ ಹೊರಡುತ್ತದೆ. ಒತ್ತಡವು ಒಮ್ಮೆಲೇ ಶಿಖರಕ್ಕೇರಿ, ಕೆಲವು ಮಿಲಿಸೆಕೆಂಡುಗಳಲ್ಲಿ ಇಳಿದು, ಅನಂತರ ವಾತಾವರಣದ ಒತ್ತಡಕ್ಕಿಂತಲೂ ಕೆಳಗೆ ಹೋಗಿ ಮತ್ತೆ ಸಮಸ್ಥಿತಿಗೆ ಬರುತ್ತದೆ. ಈ ಹೆಚ್ಚುವರಿ ಒತ್ತಡ ಸುಮಾರು 35 ಕಿಲೋಪ್ಯಾಸ್ಕಲ್, ಎಂದರೆ ವಾತಾವರಣದ ಒತ್ತಡದ ಮೂರನೆಯ ಒಂದು ಪಾಲು ಆದಾಗ, ಕರ್ಣಪಟಲವು ಹರಿಯತೊಡಗುತ್ತದೆ. 100 ಕಿಲೋಪ್ಯಾಸ್ಕಲ್ ಸುಮಾರಿಗೆ ಅರ್ಧದಷ್ಟು ಕಿವಿಗಳಲ್ಲಿ ಹರಿಯುತ್ತದೆ. 35 ಕಿಲೋಪ್ಯಾಸ್ಕಲ್ ಎಂಬುದು ಮಾತಿನ ಒತ್ತಡದ ಹದಿನೇಳು ಲಕ್ಷಕ್ಕೂ ಹೆಚ್ಚು ಪಾಲು. ಡೆಸಿಬೆಲ್ಲಿನ ಲೆಕ್ಕದಲ್ಲಿ ಸುಮಾರು 185. ಭಾರಿ ಸದ್ದಿನಿಂದ ಒಳಕಿವಿಯನ್ನು ಕಾಯಲು ನಡುಗಿವಿಯಲ್ಲಿ ಒಂದು ಪುಟ್ಟ ಸ್ನಾಯು ಇರುವುದು ನಿಜ. ಆದರೆ ಅದು ಬಿಗಿಯಲು ಹತ್ತಾರು ಮಿಲಿಸೆಕೆಂಡುಗಳು ಬೇಕು. ಅಷ್ಟರಲ್ಲಿ ಅಲೆಯು ತನ್ನ ಕೆಲಸವನ್ನು ಮುಗಿಸಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಗೋಡೆ ಛಾವಣಿಗಳಿಗೆ ತಾಗಿದ ಅಲೆಗಳು ಮರಳಿ ಬಂದು ಮತ್ತೆ ಮತ್ತೆ ಹೊಡೆಯುತ್ತವೆ. ಬಯಲಿನ ಸ್ಫೋಟಕ್ಕಿಂತ ಉಪಾಹಾರಗೃಹದ ಸ್ಫೋಟ ಹೆಚ್ಚು ಕ್ರೂರವಾಗಲು ಇದೇ ಕಾರಣ.

ಹಾನಿಯು ಎರಡು ನೆಲೆಗಳಲ್ಲಿ ಆಗುತ್ತದೆ. ಮೊದಲನೆಯದು ನಡುಗಿವಿಯ ಹಾನಿ: ಪಟಲ ಹರಿಯುವುದು, ಕೆಲವೊಮ್ಮೆ ಮೂಳೆಗಳ ಸರಪಳಿ ಕಳಚುವುದು. ಬೆಲ್‌ಫಾಸ್ಟಿನ ವೈದ್ಯರು ಕಂಡಂತೆ ಹರಿದ ಪಟಲಗಳಲ್ಲಿ ಬಹುಪಾಲು ತಾವಾಗಿಯೇ ಕೂಡಿಕೊಂಡವು. ಕಿವಿಗೆ ನೀರು ಸೋಕದಂತೆ ನೋಡಿಕೊಂಡು ಕೆಲವು ತಿಂಗಳು ಕಾಯುವುದೇ ಅಲ್ಲಿ ಮುಖ್ಯ ಚಿಕಿತ್ಸೆ. ಕೂಡದೆ ಉಳಿದವನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಒಂದು ಅಪಾಯ ಮಾತ್ರ ಉಂಟು. ಪಟಲದ ಚರ್ಮದ ಚೂರುಗಳು ಒಳಗೆ ಸಿಡಿದು ಬೇರೂರಿದರೆ, ಅಲ್ಲಿ ಬೆಳೆಯುವ ಗಂಟು ವರ್ಷಗಳ ಮೇಲೆ ಮೂಳೆಯನ್ನು ಕೊರೆಯಬಲ್ಲುದು. ಆದುದರಿಂದ ವಾಸಿಯಾದಂತೆ ತೋರುವ ಕಿವಿಯನ್ನೂ ಬಹುಕಾಲ ಗಮನಿಸುತ್ತಿರಬೇಕು.

ಎರಡನೆಯದು ಒಳಕಿವಿಯ ಹಾನಿ. ಶಂಖದಂತೆ ಸುರುಳಿಯಾದ ಈ ಅಂಗದಲ್ಲಿ ಸುಮಾರು 15,000 ರೋಮಕೋಶಗಳಿವೆ. ಹಕ್ಕಿಗಳಲ್ಲಿ ಇವು ನಾಶವಾದರೆ ಮತ್ತೆ ಹುಟ್ಟುತ್ತವೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ. ಸ್ಫೋಟವಾದ ಕೂಡಲೆ ತೀವ್ರ ಕಿವುಡೂ ಕಿವಿಮೊರೆತವೂ ಉಂಟಾಗಿ, ಅನೇಕರಲ್ಲಿ ಬೇಗನೆ ಬಹುಮಟ್ಟಿಗೆ ಇಳಿದುಹೋಗುತ್ತವೆ. ಕೆಲವರಲ್ಲಿ ಮಾತ್ರ ಉಚ್ಚಸ್ವರಗಳ ಕಿವುಡು ಶಾಶ್ವತವಾಗಿ ನಿಲ್ಲುತ್ತದೆ. ಇದರ ಅರ್ಥವನ್ನು ನಮ್ಮ ಭಾಷೆಯ ಉದಾಹರಣೆಯಿಂದ ತಿಳಿಯಬಹುದು. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿದೆ. ಸಕಾರ ಶಕಾರಗಳ ಗುರುತು ಮೇಲಿನ ಕಂಪನಗಳಲ್ಲಿದೆ. ಇಂತಹ ಕಿವುಡುಳ್ಳವನಿಗೆ ಯಾರೋ ಮಾತನಾಡುತ್ತಿದ್ದಾರೆಂಬುದು ಚೆನ್ನಾಗಿ ಕೇಳಿಸುತ್ತದೆ. ಆದರೆ ಆಡಿದ್ದು ‘ಸರ’ವೋ ‘ಶರ’ವೋ ‘ತರ’ವೋ ತಿಳಿಯುವುದಿಲ್ಲ. ಇದನ್ನು ಅರಿಯದ ಸುತ್ತಲಿನವರು ಅವನನ್ನು ಅನ್ಯಮನಸ್ಕನೆಂದೋ ಮಂದಮತಿಯೆಂದೋ ಎಣಿಸುವುದುಂಟು. ಶಾಲೆಯ ಮಗುವಿನ ವಿಷಯದಲ್ಲಿ ಈ ತಪ್ಪೆಣಿಕೆಯ ಫಲ ಅತ್ಯಂತ ಕಠಿನವಾದುದು.

2009ರಲ್ಲಿ ಕುಜಾವಾ ಮತ್ತು ಲಿಬರ್ಮನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗ ಈ ವಿಚಾರಕ್ಕೆ ಹೊಸ ತಿರುವನ್ನು ಕೊಟ್ಟಿತು. ಭಾರಿ ಸದ್ದಿಗೆ ಸಿಕ್ಕ ಕಿವಿಯ ಸೂಕ್ಷ್ಮತೆ ಪೂರ್ತಿಯಾಗಿ ಮರಳಿದ ಮೇಲೂ ರೋಮಕೋಶಗಳನ್ನು ಶ್ರವಣನರದೊಡನೆ ಕೂಡಿಸುವ ಸಂಧಿಗಳಲ್ಲಿ ಬಹಳಷ್ಟು ನಾಶವಾಗಿರಬಹುದೆಂದು ಅವರು ತೋರಿಸಿದರು. ಮನುಷ್ಯರಲ್ಲಿಯೂ ಹೀಗೆಯೇ ಆಗುವುದಾದರೆ, ನಿಶ್ಶಬ್ದ ಕೋಣೆಯ ಪರೀಕ್ಷೆಯಲ್ಲಿ ಕಿವಿ ಸರಿಯಾಗಿದೆಯೆಂದು ಕಂಡರೂ ‘ಸಂತೆಯಲ್ಲಿ ಮಾತು ತಿಳಿಯುವುದಿಲ್ಲ’ ಎನ್ನುವವನ ದೂರನ್ನು ತಳ್ಳಿಹಾಕುವಂತಿಲ್ಲ.

ಹಾಗಾದರೆ ಈ ಹಾನಿ ಏಕೆ ಕಡೆಗಣಿಸಲ್ಪಡುತ್ತದೆ? ಆಸ್ಪತ್ರೆಗೆ ಗಾಯಾಳುಗಳು ಒಮ್ಮೆಗೇ ನುಗ್ಗಿ ಬಂದಾಗ ವೈದ್ಯರು ಮೊದಲು ರಕ್ತಸ್ರಾವವನ್ನೂ ಉಸಿರನ್ನೂ ನೋಡಬೇಕಾದುದು ನ್ಯಾಯವೇ. ಮೈಮೇಲೆ ಗಾಯವಿಲ್ಲದವನು ಮನೆಗೆ ಹೋಗುತ್ತಾನೆ. ಕೈಕಾಲು ಉಳಿದುದೇ ಪುಣ್ಯವೆಂದುಕೊಂಡು ಕಿವಿಯ ಮಾತನ್ನೇ ಎತ್ತುವುದಿಲ್ಲ. ಮುಂದೆ ಪರಿಹಾರ ಕೇಳುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಸೈನಿಕನಿಗೆ ಸೇವೆಗೆ ಸೇರುವಾಗಲೇ ಶ್ರವಣಪರೀಕ್ಷೆ ನಡೆದಿರುತ್ತದೆ. ಕಿವಿಗೆ ರಕ್ಷಣೆಯ ಸಾಧನವೂ ಸಿಗಬಹುದು. ನಾಗರಿಕನಿಗೆ ಅವೆರಡೂ ಇಲ್ಲ. ಹಿಂದೆ ತನಗೆ ಎಷ್ಟು ಕೇಳಿಸುತ್ತಿತ್ತೆಂಬುದಕ್ಕೆ ಅವನ ಬಳಿ ಸಾಕ್ಷಿಯಿಲ್ಲ. ‘ಇದು ವಯಸ್ಸಿನ ಕಿವುಡು’ ಎಂದರೆ ಮರುಮಾತಿಲ್ಲ.

ಈ ಕಾರಣದಿಂದ ಬೆಲ್‌ಫಾಸ್ಟಿನ ಕೆಲಸ ಇಂದಿಗೂ ಮಾದರಿಯಾಗಿದೆ. ಸ್ಫೋಟದಲ್ಲಿ ಬದುಕುಳಿದ ಪ್ರತಿಯೊಬ್ಬರ ಕಿವಿಯನ್ನೂ, ಗಾಯವಿರಲಿ ಇಲ್ಲದಿರಲಿ, ಮೊದಲ ಕೆಲವು ದಿನಗಳಲ್ಲಿ ಪರೀಕ್ಷಿಸಿ ಫಲಿತಾಂಶವನ್ನು ಬರೆದಿಡುವುದು, ತಿಂಗಳುಗಳ ಮೇಲೆ ಮತ್ತೆ ಪರೀಕ್ಷಿಸುವುದು, ಮಕ್ಕಳ ವಿಷಯವನ್ನು ಉಪಾಧ್ಯಾಯರಿಗೆ ತಿಳಿಸುವುದು, ಇವಿಷ್ಟಕ್ಕೆ ದೊಡ್ಡ ಉಪಕರಣಗಳೇನೂ ಬೇಕಿಲ್ಲ. ನಾಶವಾದ ರೋಮಕೋಶವನ್ನು ಮರಳಿ ತರುವ ವಿದ್ಯೆ ನಮಗಿನ್ನೂ ಕೈಗೂಡಿಲ್ಲ. ಆದರೆ ಆ ನಷ್ಟವನ್ನು ದಾಖಲೆ ಮಾಡಿದರೆ ಶ್ರವಣಸಾಧನವನ್ನೂ ನ್ಯಾಯವಾದ ಪರಿಹಾರವನ್ನೂ ಆ ಮನುಷ್ಯನಿಗೆ ಒದಗಿಸಲು ಸಾಧ್ಯವಾಗುತ್ತದೆ.