ಕೇಸರಿ ಹಾಲು ಕುಡಿಯಲಿ, ಕೆಂಪು ಮಾತ್ರೆ ಬಿಡದಿರಲಿ

ಚೊಚ್ಚಲ ಬಸಿರಿನ ಹೆಣ್ಣಿಗೆ ಸಲಹೆಗೆ ಬರವಿಲ್ಲ. ಅತ್ತೆ ಒಂದು ಹೇಳುತ್ತಾರೆ, ತವರಿನಿಂದ ಫೋನಿನಲ್ಲಿ ಅಮ್ಮ ಇನ್ನೊಂದು, ಸೀಮಂತಕ್ಕೆ ಬಂದು ಹಸಿರು ಬಳೆ ತೊಡಿಸುವ ಪಕ್ಕದ ಮನೆಯವರು ಮತ್ತೊಂದು. ಇಷ್ಟು ಸಾಲದೆಂದು ವಾಟ್ಸ್‌ಆ್ಯಪ್. ಇವುಗಳಲ್ಲಿ ತಪ್ಪು ಬೇಕಾದಷ್ಟಿವೆ, ಆದರೆ ಎಲ್ಲ ತಪ್ಪೂ ಒಂದೇ ತೂಕದ್ದಲ್ಲ. ಕೆಲವನ್ನು ಕೇಳಿ ನಕ್ಕು ಸುಮ್ಮನಾದರೆ ಆಯಿತು. ಕೆಲವು ಬಸುರಿಯ ತಟ್ಟೆಯಿಂದ ಊಟ ಕಡಿಮೆ ಮಾಡುತ್ತವೆ. ಇನ್ನು ಕೆಲವು ಆಸ್ಪತ್ರೆಗೆ ಹೊರಡುವುದನ್ನು ತಡಮಾಡಿಸುತ್ತವೆ. ಹಿರಿಯರ ಜತೆ ವಾದಕ್ಕೆ ನಿಲ್ಲುವುದಿದ್ದರೆ ಕೊನೆಯ ಎರಡಕ್ಕೆ ಮಾತ್ರ ನಿಲ್ಲಬೇಕು ಅನ್ನುವುದು ನನ್ನ ಲೆಕ್ಕ.

“ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ”

ಹುಟ್ಟುವುದಿಲ್ಲ. ಚರ್ಮದ ಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದ ಕೆಲಸ. ಅದು ಎಷ್ಟಿರಬೇಕು ಎಂಬುದು ಅಪ್ಪ ಅಮ್ಮನಿಂದ ಬಂದ ಜೀನುಗಳಲ್ಲಿ ಗರ್ಭ ಕಟ್ಟಿದ ದಿನವೇ ತೀರ್ಮಾನವಾಗಿರುತ್ತದೆ. ಎಳನೀರು, ಬಾದಾಮಿ, ಬಿಳಿ ಬೆಣ್ಣೆ ಯಾವುದಕ್ಕೂ ಅದನ್ನು ತಿದ್ದುವ ಶಕ್ತಿಯಿಲ್ಲ. ಆದರೂ ನಾಲ್ಕು ಎಸಳು ಕೇಸರಿಯಿಂದ ಕೆಡುವುದೇನಿಲ್ಲ. ಕುಡಿದರೆ ಹಾಲಾದರೂ ಹೊಟ್ಟೆ ಸೇರುತ್ತದೆ.

ಕೆಡುವುದು ಇದೇ ಬಣ್ಣದ ಹುಚ್ಚಿನ ಇನ್ನೊಂದು ಮುಖದಿಂದ. “ಐರನ್ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ” ಎಂಬ ಮಾತು ಇವತ್ತಿಗೂ ಓಡಾಡುತ್ತಿದೆ. ಮಾತ್ರೆ ತೆಗೆದುಕೊಂಡಾಗ ಮಲ ಕಪ್ಪಾಗುವುದು ನಿಜ. ಕರುಳು ಹೀರಿಕೊಳ್ಳದೆ ಬಿಟ್ಟ ಕಬ್ಬಿಣಾಂಶ ಹಾಗೆ ಹೊರಬೀಳುತ್ತದೆ. ಅದನ್ನು ನೋಡಿ ಹೆದರಿದವರು ಮಗುವಿನ ಬಣ್ಣಕ್ಕೂ ನಂಟು ಹಾಕಿರಬೇಕು. ಹೀಗೆ ಹೆದರಿ ಕೊಟ್ಟ ಮಾತ್ರೆಯನ್ನು ಕಪಾಟಿನಲ್ಲಿಟ್ಟು ಮರೆಯುವುದು ಸಣ್ಣ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಅಂದರೆ ಶೇ 52ರಷ್ಟು ಜನಕ್ಕೆ, ರಕ್ತಹೀನತೆ ಇತ್ತು. ಹೆರಿಗೆಯಲ್ಲಿ ರಕ್ತಸ್ರಾವ ಹೆಚ್ಚಾದರೆ ಮೊದಲೇ ರಕ್ತ ಕಡಿಮೆಯಿರುವ ತಾಯಿ ತಡೆದುಕೊಳ್ಳುವುದು ಕಷ್ಟ.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ಮೇಲೆ ಮತ್ತೆ 180 ದಿನ. ಬೆಳಗಿನ ಕಾಫಿಯ ಜತೆ ನುಂಗಿದರೆ ಅರ್ಧ ಪ್ರಯೋಜನ ಅಲ್ಲೇ ಹೋಯಿತು. ಕಾಫಿ, ಟೀ ಎರಡೂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆ ಪಾನಕದ ಜತೆ ತೆಗೆದುಕೊಂಡರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜತೆ ಬೆರೆಸದೆ ಬೇರೆ ಹೊತ್ತಿನಲ್ಲಿ ನುಂಗಬೇಕು. ಮಾತ್ರೆಯಿಂದ ಮಲಬದ್ಧತೆಯೋ ಹೊಟ್ಟೆ ತೊಳೆಸುವುದೋ ಆದರೆ ನಿಲ್ಲಿಸದೆ ವೈದ್ಯರಿಗೆ ಹೇಳಿ, ಹೊತ್ತನ್ನೋ ಮಾತ್ರೆಯನ್ನೋ ಬದಲಿಸಿಕೊಡುತ್ತಾರೆ.

“ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ”

ಪಟ್ಟಣದ ಮನೆಗಳಲ್ಲಿ ಇದರ ತದ್ವಿರುದ್ಧದ ಮಾತು ಕೇಳುತ್ತೇವೆ: ಇಬ್ಬರಿಗಾಗುವಷ್ಟು ತಿನ್ನು. ಎರಡೂ ತಪ್ಪು, ಆದರೆ ಹೆಚ್ಚು ಅಪಾಯದ್ದು ಮೊದಲಿನದು. ಮಾರ್ಕ್ ನಿಕ್ಟರ್ ಮತ್ತು ಮಿಮಿ ನಿಕ್ಟರ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ಮಾಡಿ 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಬೇರನ್ನು ತೋರಿಸುತ್ತದೆ. ಅನ್ನಕ್ಕೂ ಮಗುವಿಗೂ ಹೊಟ್ಟೆಯೊಳಗೆ ಇರುವುದು ಒಂದೇ ಜಾಗ, ಅನ್ನ ಹೆಚ್ಚಾದರೆ ಮಗುವಿಗೆ ಇಕ್ಕಟ್ಟು ಎಂದು ಎಷ್ಟೋ ಹೆಂಗಸರು ತಿಳಿದಿದ್ದರು. ಮಗು ಸಣ್ಣದಿದ್ದು ಚುರುಕಾಗಿರಲಿ ಎಂಬ ಆಸೆಯೂ ಇತ್ತು. ಆಸ್ಪತ್ರೆ ದೂರವಿದ್ದ ಕಾಲದಲ್ಲಿ ದೊಡ್ಡ ಮಗುವಿನ ಹೆರಿಗೆಗೆ ಹೆದರಿದ್ದನ್ನು ಮೂರ್ಖತನ ಎನ್ನಲಾಗದು. ಆ ಹೆದರಿಕೆಗೆ ಕಾರಣವಿತ್ತು, ಪರಿಹಾರ ಮಾತ್ರ ತಪ್ಪಾಗಿತ್ತು.

ಜಠರ ಬೇರೆ, ಗರ್ಭಕೋಶ ಬೇರೆ. ಅನ್ನ ಬೀಳುವ ಕಡೆ ಮಗು ಇರುವುದಿಲ್ಲ. ಹೆರಿಗೆ ಸುಸೂತ್ರವಾಗುವುದು ಸೊಂಟದ ಎಲುಬಿನ ಅಳತೆ, ಮಗುವಿನ ತಲೆ ತಿರುಗಿರುವ ರೀತಿ, ನೋವಿನ ಬಲ ಇವುಗಳ ಮೇಲೆ. ತಾಯಿ ಅರೆಹೊಟ್ಟೆ ಉಂಡರೆ ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಗಬಹುದು. ಅಂಥ ಕೂಸಿಗೆ ಮೈ ಬೆಚ್ಚಗಿಟ್ಟುಕೊಳ್ಳುವುದು, ಹಾಲು ಚೀಪುವುದು, ಸೋಂಕು ತಡೆಯುವುದು ಎಲ್ಲವೂ ಕಷ್ಟ.

ಹಾಗಾದರೆ ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಮಾಮೂಲಿ ಊಟದ ಮೇಲೆ ದಿನಕ್ಕೆ ಸುಮಾರು 350 ಕಿಲೋಕ್ಯಾಲರಿ ಹೆಚ್ಚಿಗೆ. ಸುಮಾರಾಗಿ ಹೇಳುವುದಾದರೆ ಒಂದು ಸಣ್ಣ ಲೋಟ ಹಾಲು, ಒಂದು ಮೊಟ್ಟೆ, ಒಂದು ಬಾಳೆಹಣ್ಣು, ಒಂದಿಷ್ಟು ಕಡಲೆಬೀಜ. ಎರಡನೇ ತಟ್ಟೆ ಅನ್ನವಲ್ಲ. ಕರ್ನಾಟಕದಲ್ಲಿ 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟದ ಜತೆ ಹಾಲು, ಮೊಟ್ಟೆ, ಚಿಕ್ಕಿ ಇಟ್ಟದ್ದರ ಹಿಂದಿನ ಆಲೋಚನೆಯೂ ಇಂಥದ್ದೇ.

ಒಂಬತ್ತರಲ್ಲಿ ತುಪ್ಪ ಕುಡಿಸಿದರೆ ಮಗು ಜಾರಿ ಬರುತ್ತದೆ ಎನ್ನುವವರಿಗೂ ಇದೇ ಉತ್ತರ: ತುಪ್ಪ ಹೋಗುವ ದಾರಿ ಬೇರೆ, ಮಗು ಬರುವ ದಾರಿ ಬೇರೆ. ನೋವು ಬರಲೆಂದು ಹರಳೆಣ್ಣೆ ಕುಡಿಸುವುದು ಮಾತ್ರ ಬೇಡವೇ ಬೇಡ. ಭೇದಿಯಾಗಿ ತಾಯಿ ಸುಸ್ತಾಗುತ್ತಾಳೆ, ಅದೂ ಮೈಯಲ್ಲಿ ಬಲ ಬೇಕಾದ ಹೊತ್ತಿನಲ್ಲೇ.

ಪಪ್ಪಾಯಿಯ ಮಾತಿನಲ್ಲಿ ಅಜ್ಜಿಯರು ಅರ್ಧ ಸರಿ. ಕಾಯಿಯ ಹಾಲಿನಂಥ ಸೊನೆ ಇಲಿಗಳ ಗರ್ಭಕೋಶವನ್ನು ಸಂಕುಚಿಸುವಂತೆ ಮಾಡಿದ್ದು ಪ್ರಯೋಗಗಳಲ್ಲಿ ಕಂಡಿದೆ. ಚೆನ್ನಾಗಿ ಮಾಗಿದ ಹಣ್ಣಿನಿಂದ ಹಾಗಾಗಲಿಲ್ಲ. ಆದ್ದರಿಂದ ಕಾಯಿ, ಅರೆಹಣ್ಣು ಬೇಡ. ಯಾರದೋ ಮನೆಯಲ್ಲಿ ತಿಳಿಯದೆ ಎರಡು ಹೋಳು ಪಪ್ಪಾಯಿ ಹಣ್ಣು ತಿಂದು ಬಂದವಳು ರಾತ್ರಿಯಿಡೀ ಅಳಬೇಕಾಗಿಲ್ಲ. ಮೊದಲ ತಿಂಗಳುಗಳಲ್ಲಿ ಗರ್ಭ ನಿಲ್ಲದೆ ಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಭ್ರೂಣದ ವರ್ಣತಂತುಗಳ ದೋಷ. ಆಕೆ ತಿಂದದ್ದೂ ಅಲ್ಲ, ಹತ್ತಿದ ಮೆಟ್ಟಿಲೂ ಅಲ್ಲ. ಜೋಡಿ ಬಾಳೆಹಣ್ಣಿನಿಂದ ಅವಳಿ ಮಕ್ಕಳಾಗುತ್ತವೆ ಎಂಬುದಕ್ಕೆ ಉತ್ತರ ಬರೆಯುವ ಅಗತ್ಯವಿಲ್ಲ.

“ಗ್ರಹಣದ ಹೊತ್ತಿನಲ್ಲಿ ಕತ್ತರಿ ಹಿಡಿದರೆ ಮಗುವಿಗೆ ಸೀಳುತುಟಿ”

2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಿತು. ನೋಡಲು ಮಕ್ಕಳು ಮರಿ ಎಲ್ಲ ಬಯಲಿಗೆ ಬಂದಿದ್ದರೆ, ಬಸುರಿಯರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂರಿಸಿದ ಮನೆಗಳೂ ಇದ್ದವು. ಮಗುವಿನ ಮೇಲ್ದುಟಿಯ ಎರಡು ಬದಿ ಬಂದು ಕೂಡಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕರಿಂದ ಏಳನೇ ವಾರದೊಳಗೆ. ಹೊಟ್ಟೆ ಕಾಣಿಸಿಕೊಂಡು, ಮನೆಯವರು ಪಂಚಾಂಗ ನೋಡಿ ಎಚ್ಚರಿಸುವ ಹೊತ್ತಿಗೆ ತುಟಿ ಕೂಡಿ ತಿಂಗಳುಗಳೇ ಕಳೆದಿರುತ್ತವೆ. ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೊಂದರಂತೆ ಸೀಳುತುಟಿ ಅಥವಾ ಸೀಳು ಅಂಗುಳದೊಂದಿಗೆ ಹುಟ್ಟುತ್ತವೆ, ಗ್ರಹಣವಿದ್ದ ವರ್ಷವೂ ಇಲ್ಲದ ವರ್ಷವೂ. ವಂಶವಾಹಿ, ಮೂರ್ಛೆರೋಗದ ಕೆಲವು ಔಷಧಿ, ಹೊಗೆಸೊಪ್ಪಿನ ಹೊಗೆ ಇವಕ್ಕೆ ಅದರೊಂದಿಗೆ ನಂಟಿದೆ.

ಒಳಗೆ ಕೂರುವುದರಿಂದ ನಷ್ಟವಿಲ್ಲ. ನೀರನ್ನೂ ಮುಟ್ಟದೆ ಗಂಟೆಗಟ್ಟಲೆ ಉಪವಾಸ ಕೂರಿಸುವುದರಿಂದ ಇದೆ, ಅದರಲ್ಲೂ ಬಸಿರಿನ ಸಕ್ಕರೆ ಕಾಯಿಲೆಯಿದ್ದು ಇನ್ಸುಲಿನ್ ತೆಗೆದುಕೊಳ್ಳುವವರಿಗೆ. ಅಜ್ಜಿಯ ಸಮಾಧಾನಕ್ಕೆ ಕತ್ತರಿ ಬಚ್ಚಿಡಿ. ಊಟ ನೀರು ಬಚ್ಚಿಡಬೇಡಿ.

ಮಲಗಿದಲ್ಲಿಂದ ಎದ್ದು ಕೂತೇ ಮಗ್ಗುಲು ಬದಲಿಸಬೇಕು, ಇಲ್ಲವಾದರೆ ಕರುಳುಬಳ್ಳಿ ಮಗುವಿನ ಕೊರಳಿಗೆ ಸುತ್ತಿಕೊಳ್ಳುತ್ತದೆ ಎಂದೂ ಹೇಳುತ್ತಾರೆ. ಬಟ್ಟೆ ಒಣಹಾಕಲು ಕೈ ಎತ್ತಬಾರದು ಎಂಬುದಕ್ಕೂ ಇದೇ ಕಾರಣ ಕೊಡುತ್ತಾರೆ. ಬಳ್ಳಿ ಸುಮಾರು ಅರ್ಧ ಮೀಟರ್ ಉದ್ದ, ಮಗು ನೀರಿನಲ್ಲಿ ಹೊರಳುತ್ತಲೇ ಇರುತ್ತದೆ. ನಾಲ್ಕೈದು ಹೆರಿಗೆಗಳಲ್ಲಿ ಒಂದರಲ್ಲಿ ಕೊರಳಿಗೆ ಸುತ್ತು ಬಿದ್ದಿರುತ್ತದೆ, ಹೆಚ್ಚಿನ ಸಲ ಸೂಲಗಿತ್ತಿಯೋ ನರ್ಸೋ ಬೆರಳಿನಿಂದ ಸಡಿಲಿಸಿ ಬಿಡಿಸುತ್ತಾರೆ. ಅಮ್ಮ ಹೊರಳಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಏಳನೇ ತಿಂಗಳ ಮೇಲೆ ಅಂಗಾತ ಮಲಗುವ ಬದಲು ಮಗ್ಗುಲಾಗಿ ಮಲಗಬೇಕು, ಅಷ್ಟೇ. ಬಳ್ಳಿಯನ್ನು ಹೀಗೆ ಮಾಲೆಯಂತೆ ಸುತ್ತಿಕೊಂಡು ಹುಟ್ಟಿದರೆ ಸೋದರಮಾವನಿಗೆ ಆಗದು ಎಂಬ ಮಾತಿನಿಂದ ಮಾವಂದಿರು ಎಣ್ಣೆಯಲ್ಲಿ ಮಗುವಿನ ಮುಖ ನೋಡಬೇಕಾಗಿ ಬಂದಿದೆ, ಪಾಪ.

ಹೊಟ್ಟೆ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು ಎಂಬ ಊಹೆಯನ್ನು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 1999ರಲ್ಲಿ 104 ಗರ್ಭಿಣಿಯರಲ್ಲಿ ಪರೀಕ್ಷಿಸಿ ನೋಡಿದರು. ಹೊಟ್ಟೆಯ ಆಕಾರಕ್ಕೂ ಮಗುವಿಗೂ ಯಾವ ಸಂಬಂಧವೂ ಸಿಗಲಿಲ್ಲ. ಅದೇ ಗುಂಪು 2006ರಲ್ಲಿ “ಎದೆಯುರಿ ಇದ್ದರೆ ಮಗುವಿಗೆ ಕೂದಲು ಜಾಸ್ತಿ” ಎಂಬ ಮಾತನ್ನೂ 64 ಹೆಂಗಸರಲ್ಲಿ ಒರೆಗೆ ಹಚ್ಚಿತು. ಇದೂ ಸುಳ್ಳೆಂದು ತೋರಬೇಕಿತ್ತು. ಆದರೆ ಎದೆಯುರಿ ಹೆಚ್ಚಿದ್ದವರ ಮಕ್ಕಳಿಗೆ ಕೂದಲೂ ಹೆಚ್ಚಿತ್ತು! ಅಧ್ಯಯನ ಚಿಕ್ಕದು, ಆದರೂ ಅಜ್ಜಿಯರಿಗೆ ಒಂದು ಅಂಕ ಕೊಡಲೇಬೇಕು. ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ತೀರ್ಮಾನವಾಗುವಂಥದ್ದು, ಸೊಸೆಯನ್ನು ದೂರಿ ಪ್ರಯೋಜನವಿಲ್ಲ. ಸೀಮಂತದ ಮನೆಯಲ್ಲಿ ಊಹಿಸುವುದು ಆಟ. ಅದೇ ಪ್ರಶ್ನೆಯನ್ನು ಸ್ಕ್ಯಾನಿಂಗ್ ಕೋಣೆಯಲ್ಲಿ ಕೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ.

“ಏಳರಲ್ಲಿ ಹುಟ್ಟಿದರೆ ಬದುಕುತ್ತದೆ, ಎಂಟರಲ್ಲಿ ಹುಟ್ಟಿದರೆ ಬದುಕುವುದಿಲ್ಲ”

ಇದರ ವಯಸ್ಸು ನೋಡಿದರೆ ಆಶ್ಚರ್ಯವಾಗುತ್ತದೆ. ಎಂಟನೇ ತಿಂಗಳಲ್ಲಿ ಓಜಸ್ಸು ಎಂಬ ಜೀವಸತ್ವ ತಾಯಿಗೂ ಮಗುವಿಗೂ ನಡುವೆ ಅಸ್ಥಿರವಾಗಿರುತ್ತದೆ, ಆಗಿನ ಹೆರಿಗೆ ಅಪಾಯದ್ದು ಎಂದು ಚರಕ, ಸುಶ್ರುತ ಸಂಹಿತೆಗಳು ಹೇಳುತ್ತವೆ. ಅತ್ತ ಗ್ರೀಸಿನಲ್ಲಿ ಹಿಪೊಕ್ರೆಟಿಸನ ಹೆಸರಿನಲ್ಲಿರುವ ಗ್ರಂಥಗಳಲ್ಲೂ ಎಂಟು ತಿಂಗಳ ಶಿಶುವಿನ ಬಗ್ಗೆಯೇ ಒಂದು ಕೃತಿಯಿದೆ. ಇಷ್ಟು ದೊಡ್ಡವರ ಬೆಂಬಲವಿದ್ದೂ ಇದು ತಪ್ಪು. ಹೊಟ್ಟೆಯಲ್ಲಿ ಕಳೆಯುವ ಒಂದೊಂದು ವಾರವೂ ಮಗುವಿಗೆ ಲಾಭವೇ. ಉಸಿರುಗೂಡುಗಳು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ದ್ರವ್ಯ ಏಳರಲ್ಲಿ ಕಡಿಮೆ, ಎಂಟರಲ್ಲಿ ಹೆಚ್ಚು. ಎಂಟನೇ ತಿಂಗಳಲ್ಲಿ ನೋವು ಕಾಣಿಸಿಕೊಂಡರೆ ಹಣೆಬರಹವೆಂದು ಕೈಚೆಲ್ಲದೆ, ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಹೊರಡಬೇಕು. ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಇದೆ, ಅದು ಹೆರಿಗೆಗೆ ಮೊದಲೇ ಸಿಗಬೇಕು.

“ಒಂಬತ್ತರಲ್ಲಿ ಜಾಗ ಸಾಲದೆ ಮಗು ಅಲುಗಾಡುವುದಿಲ್ಲ”

ಇಡೀ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದು. ಚೊಚ್ಚಲ ಬಸುರಿಗೆ ಮಗುವಿನ ಚಲನೆ ತಿಳಿಯುವುದು ಸಾಮಾನ್ಯವಾಗಿ 18ರಿಂದ 20ನೇ ವಾರದಲ್ಲಿ. ಕೊನೆಗೆ ಒದೆತ ಹೋಗಿ ಹೊರಳಾಟವಾಗಬಹುದು, ಆದರೆ ಚಲನೆ ಕಡಿಮೆಯಾಗಬಾರದು. ಮಗುವಿನ ದಿನದ ರೂಢಿ ತಾಯಿಗೆ ಗೊತ್ತಿರುತ್ತದೆ. ಅದಕ್ಕಿಂತ ಕಡಿಮೆ ಅನ್ನಿಸಿದರೆ “ಮಲಗಿರಬೇಕು, ಬೆಳಿಗ್ಗೆ ನೋಡೋಣ” ಎನ್ನಬಾರದು. ಆ ರಾತ್ರಿಯೇ ಹೋಗಬೇಕು. ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೂ ಹಾಗೆಯೇ. ಸಂಜೆಗೆ ಪಾದ ಊದುವುದು ಸಾಮಾನ್ಯ. ಮುಖ, ಕೈ ಊದಿ, ತಲೆ ಸಿಡಿಯುತ್ತಾ ಕಣ್ಣು ಮಂಜಾದರೆ ಅದು ರಕ್ತದೊತ್ತಡ ಏರಿದ ಸೂಚನೆ. 108ಕ್ಕೆ ಫೋನ್ ಮಾಡಿ.

“ಹುಟ್ಟುವ ಮೊದಲು ಮಗುವಿಗೆ ಏನೂ ಕೊಳ್ಳಬಾರದು”

ಇದನ್ನು ಮುರಿಯಲು ನನಗೆ ಅವಸರವಿಲ್ಲ. ಹೊಸ ಕೂಸಿಗೆ ಬೇಕಾದ್ದು ಕಡಿಮೆ. ಒಗೆದು ಬಿಸಿಲಿಗೆ ಒಣಗಿಸಿದ ಹಳೆ ಕಾಟನ್ ಸೀರೆ, ಪಂಚೆಯ ತುಂಡುಗಳು ಅಂಗಡಿಯ ಗರಿಗರಿ ಬಟ್ಟೆಗಿಂತ ಮೃದು. ಆದರೆ ಈ ನಂಬಿಕೆಯ ನೆಪದಲ್ಲಿ ತಾಯಿಯ ಚೀಲವನ್ನೂ ಕಟ್ಟದೆ ಬಿಡುವವರಿದ್ದಾರೆ. 36ನೇ ವಾರಕ್ಕೆ ಅದು ಬಾಗಿಲ ಬಳಿ ಇರಲಿ: ತಾಯಿ ಕಾರ್ಡ್, ಸ್ಕ್ಯಾನ್ ಮತ್ತು ರಕ್ತಪರೀಕ್ಷೆಯ ರಿಪೋರ್ಟುಗಳು, ಆಧಾರ್, ಬ್ಯಾಂಕ್ ಪಾಸ್‌ಬುಕ್, ಎರಡು ಜತೆ ಸಡಿಲ ಬಟ್ಟೆ, ಪ್ಯಾಡ್. ರಕ್ತದ ಗುಂಪು ಕಾರ್ಡಿನ ಮೇಲೆ ಬರೆದಿದೆಯೇ ನೋಡಿಕೊಳ್ಳಿ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮಲ್ಲಿ ರೂಢಿ, ಒಳ್ಳೆಯದೇ. ಆದರೆ ಏಳು ತಿಂಗಳು ಒಂದು ಊರಲ್ಲಿ ತೋರಿಸಿ ಕೊನೆಗೆ ಇನ್ನೊಂದು ಊರಿನ ಆಸ್ಪತ್ರೆಗೆ ನೇರವಾಗಿ ನೋವಿನೊಂದಿಗೆ ಹೋಗುವುದು ಬೇಡ. ತವರಿಗೆ ಬಂದ ವಾರದಲ್ಲೇ ಅಲ್ಲಿನ ವೈದ್ಯರಿಗೆ ಒಮ್ಮೆ ತೋರಿಸಿ, ಆಶಾ ಕಾರ್ಯಕರ್ತೆಯ ನಂಬರ್ ಬರೆದಿಟ್ಟುಕೊಳ್ಳಿ. ಆ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತು ಸಿಸೇರಿಯನ್ ಆಗುತ್ತದೆಯೇ, ರಕ್ತ ಸಿಗುತ್ತದೆಯೇ, ಇಲ್ಲವಾದರೆ ಎಲ್ಲಿಗೆ ಕಳಿಸುತ್ತಾರೆ, ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂದು ಅಪ್ಪನೋ ಅಣ್ಣನೋ ಮೊದಲೇ ಹೋಗಿ ಕೇಳಿಕೊಂಡು ಬರಲಿ.