ಸೂರ್ಯನತ್ತಲೇ ಮಡಚಿಕೊಳ್ಳುವ ಅಲೆಗಳು

2018ರ ನವೆಂಬರ್‌ನಲ್ಲಿ ನಾಸಾದ ಪಾರ್ಕರ್ ಸೋಲಾರ್ ಪ್ರೋಬ್ ಮೊದಲ ಬಾರಿಗೆ ಸೂರ್ಯನ ಸಮೀಪ ಹಾದುಹೋಯಿತು. ಸಮೀಪವೆಂದರೆ ಸುಮಾರು 2.4 ಕೋಟಿ ಕಿಲೋಮೀಟರ್ ದೂರ. ಅಲ್ಲಿ ಸಿಕ್ಕ ಕಾಂತಕ್ಷೇತ್ರದ ದಾಖಲೆ ವಿಚಿತ್ರವಾಗಿತ್ತು. ಸೂರ್ಯನಿಂದ ಹೊರಗೆ ಚಾಚಿದ ಕ್ಷೇತ್ರ ಇದ್ದಕ್ಕಿದ್ದಂತೆ ಹೊರಳಿ, ಒಮ್ಮೊಮ್ಮೆ ಸೂರ್ಯನತ್ತಲೇ ಮುಖ ಮಾಡಿ, ಸೆಕೆಂಡುಗಳಲ್ಲೋ ನಿಮಿಷಗಳಲ್ಲೋ ಮತ್ತೆ ಮೊದಲಿನ ದಿಕ್ಕಿಗೆ ಬರುತ್ತಿತ್ತು. ಹೊರಳಿದಾಗಲೆಲ್ಲ ಸೂರ್ಯನಿಂದ ಹೊರಹರಿಯುವ ಕಣಗಳ ಪ್ರವಾಹದ, ಅಂದರೆ ಸೌರ ಮಾರುತದ, ವೇಗವೂ ಏರುತ್ತಿತ್ತು. ಈ ಹೊರಳಾಟಕ್ಕೆ ಈಗ ಸ್ವಿಚ್‌ಬ್ಯಾಕ್ ಎಂಬ ಹೆಸರಿದೆ.

ಇದನ್ನು ಅರ್ಥಮಾಡಿಕೊಳ್ಳುವ ಎಳೆ 1942ರಷ್ಟು ಹಿಂದಿನದು. ಸ್ವೀಡನ್ನಿನ ಹಾನೆಸ್ ಆಲ್ಫ್‌ವೆನ್ ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪುಟ್ಟದೊಂದು ಟಿಪ್ಪಣಿ ಬರೆದರು. ವಿದ್ಯುದಾವೇಶದ ಕಣಗಳ ಅನಿಲವಾದ ಪ್ಲಾಸ್ಮಾದೊಳಗೆ ಹಾದುಹೋಗುವ ಕಾಂತರೇಖೆ ಬಿಗಿದ ವೀಣೆಯ ತಂತಿಯ ಹಾಗೆ. ಮೀಟಿದರೆ ಕಂಪನ ಅದರುದ್ದಕ್ಕೂ ಓಡುತ್ತದೆ ಎಂಬುದು ಅದರ ಸಾರ. ಆಗ ಹೆಚ್ಚಿನವರು ಅದನ್ನು ನಂಬಲಿಲ್ಲ. ನೊಬೆಲ್ ಬರಲು 1970ರವರೆಗೆ ಕಾಯಬೇಕಾಯಿತು.

ಆ ಲೆಕ್ಕ ಸಣ್ಣ ಕಂಪನಗಳಿಗೆ, ಅಂದರೆ ಸಣ್ಣ ಆಲ್ಫ್‌ವೆನ್ ಅಲೆಗಳಿಗೆ, ಹೊಂದುವಂಥದ್ದು. ಅಲ್ಲಿ ಎರಡು ಅಲೆಗಳು ಎದುರಾದರೂ ಒಂದನ್ನೊಂದು ಮುಟ್ಟದೆ ದಾಟಿಹೋಗುತ್ತವೆ. ಸೌರ ಮಾರುತದಲ್ಲಿ ಅಷ್ಟು ಸಜ್ಜನಿಕೆ ಇಲ್ಲ. ಸೂರ್ಯನಿಂದ ದೂರ ಸರಿದಂತೆಲ್ಲ ಅಲೆಯೂ ಕುಗ್ಗುತ್ತದೆ, ಹಿನ್ನೆಲೆಯ ಕಾಂತಕ್ಷೇತ್ರವೂ ಕುಗ್ಗುತ್ತದೆ. ಆದರೆ ಕ್ಷೇತ್ರ ಇನ್ನೂ ಬೇಗ ಕುಗ್ಗುವುದರಿಂದ ಅದರೆದುರು ಅಲೆಯೇ ದೊಡ್ಡದಾಗಿಬಿಡುತ್ತದೆ. ಇನ್ನು ಮುಂದಿನದು ಅಲೆಗಳು ಒಂದನ್ನೊಂದು ಬದಲಿಸುವ ಅರೇಖೀಯ ಲೋಕ. ಒಂದು ಅಲೆ ಒಡೆದು, ಹಿಮ್ಮುಖವಾಗಿ ಓಡುವ ಇನ್ನೊಂದು ಅಲೆಯನ್ನೂ ಜೊತೆಗೊಂದು ಶಬ್ದತರಂಗವನ್ನೂ ಹುಟ್ಟಿಸಬಹುದು. ಎದುರುಬದುರಾದವು ಒಂದನ್ನೊಂದು ತಿರುಚಿ, ಚಿಕ್ಕ ಚಿಕ್ಕ ಸುಳಿಗಳಾಗಿ ಚೂರಾಗುತ್ತವೆ. ಚೂರುಗಳು ಪ್ರೋಟಾನ್ ಸುತ್ತುವ ವೃತ್ತದಷ್ಟು ಕಿರಿದಾದಾಗ ಅಲೆಯ ಶಕ್ತಿ ಶಾಖವಾಗಿ ಕಣಗಳ ಪಾಲಾಗುತ್ತದೆ.

ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸೆನಿಸುವುದು ಇದರ ತದ್ವಿರುದ್ಧದ ಸಂಗತಿ. ಕಾಂತಕ್ಷೇತ್ರದ ಬಲ ಬದಲಾಗದೆ ದಿಕ್ಕು ಮಾತ್ರ ತಿರುಗುತ್ತಿದ್ದರೆ, ಏಕರೂಪದ ಪ್ಲಾಸ್ಮಾದಲ್ಲಿ ಆಲ್ಫ್‌ವೆನ್ ಅಲೆ ಎಷ್ಟೇ ದೊಡ್ಡದಿದ್ದರೂ ರೂಪ ಕೆಡದೆ ಸಾಗಬಲ್ಲದು. ಸ್ವಿಚ್‌ಬ್ಯಾಕ್‌ಗಳಲ್ಲಿ ಬಹುಪಾಲು ಹಾಗೆಯೇ ಇರುತ್ತವೆ: ದಿಕ್ಕು ತಲೆಕೆಳಗಾದರೂ ಬಲ ಹೆಚ್ಚುಕಡಿಮೆ ಸ್ಥಿರ.

ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದರಾಚೆಯ ಹೊರ ವಾತಾವರಣವಾದ ಕರೋನಾ ಹತ್ತು ಲಕ್ಷ ಡಿಗ್ರಿಗೂ ಮೀರಿದ್ದು. ಆ ಬಿಸಿಗೆ ಈ ಅಲೆಗಳು ಎಷ್ಟರಮಟ್ಟಿಗೆ ಕಾರಣ ಎಂಬ ಜಗಳ ಹಳೆಯದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಕಟ್ಟಿದ ಕರೋನಾ ದರ್ಶಕವನ್ನು ಹೊತ್ತ ಆದಿತ್ಯ ಎಲ್-1 ನೌಕೆಯ ಗುರಿಗಳಲ್ಲೂ ಈ ಬಿಸಿಯ ಒಗಟು ಒಂದು.

ಸೌರ ಮಾರುತದ ಮಟ್ಟಿಗೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು 2022ರ ಫೆಬ್ರುವರಿಯ ಒಂದು ಅಪರೂಪದ ಜೋಡಣೆಯಿಂದ. ಪಾರ್ಕರ್ ದಾಟಿದ ಪ್ಲಾಸ್ಮಾ ಪ್ರವಾಹವನ್ನೇ ಒಂದೆರಡು ದಿನಗಳ ಅಂತರದಲ್ಲಿ ಯುರೋಪಿನ ಸೋಲಾರ್ ಆರ್ಬಿಟರ್ ಇನ್ನಷ್ಟು ದೂರದಲ್ಲಿ ಅಳೆಯಿತು. ನಡುವೆ ಮಾರುತದ ವೇಗ ಹೆಚ್ಚಿತ್ತು, ತಾಪ ಇಳಿಯಬೇಕಾದಷ್ಟು ಇಳಿದಿರಲಿಲ್ಲ, ಅಲೆಗಳ ಶಕ್ತಿ ಮಾತ್ರ ಬಹುಪಾಲು ಕರಗಿತ್ತು. 2024ರಲ್ಲಿ ಪ್ರಕಟವಾದ ಶಕ್ತಿಯ ಈ ಜಮಾಖರ್ಚು ಸರಿಹೊಂದುತ್ತದೆ. ಸ್ವಿಚ್‌ಬ್ಯಾಕ್‌ಗಳು ಸೂರ್ಯನ ಬುಡದಲ್ಲಿ ಕಾಂತರೇಖೆಗಳು ಕಡಿದು ಕೂಡುವಾಗ ಹುಟ್ಟುತ್ತವೆಯೋ, ದಾರಿಯಲ್ಲಿ ಬೆಳೆಯುತ್ತವೆಯೋ ಎಂಬ ವಾದ ಮಾತ್ರ ಇನ್ನೂ ಜೋರಾಗಿಯೇ ನಡೆದಿದೆ.