ಮುಟ್ಟದೆ ಹರಿಯುವ ವಿದ್ಯುತ್ತು

ಔರಾದಿನ ತೊಗರಿಯಾಗಲಿ, ಭಾಲ್ಕಿಯ ಕಬ್ಬಿನಿಂದಾದ ಸಕ್ಕರೆಯಾಗಲಿ, ಬೀದರಿನ ಉಗ್ರಾಣ ಸೇರುವುದು ಬಹುಕಾಲ ಹಮಾಲರ ಬೆನ್ನಿನ ಮೇಲೆಯೇ. ಆ ಭಾರವನ್ನು ಹೊರಬಲ್ಲ ಬ್ಯಾಟರಿ ಬಂಡಿಗಳು ಲೋಕದ ದೊಡ್ಡ ಉಗ್ರಾಣಗಳಲ್ಲಿ ಇಂದು ಸಾಮಾನ್ಯ. ಆದರೆ ಅವಕ್ಕೆ ವಿದ್ಯುತ್ ತುಂಬಲು ದಿನವೂ ದಪ್ಪನೆಯ ಕೇಬಲನ್ನು ಸಿಕ್ಕಿಸಬೇಕು. ಸವೆದ ಪ್ಲಗ್ಗಿನಿಂದ ಕಿಡಿ ಹಾರಬಹುದು. ಸಕ್ಕರೆಯ ಧೂಳು ಗಾಳಿಯಲ್ಲಿ ದಟ್ಟವಾಗಿದ್ದರೆ ಕಿಡಿಯೊಂದೇ ಅನಾಹುತಕ್ಕೆ ಸಾಕು. ಆ ಧೂಳಿನ ಉಗ್ರತೆಗೆ ೨೦೦೮ರಲ್ಲಿ ಅಮೆರಿಕದ ಜಾರ್ಜಿಯಾದ ಸಕ್ಕರೆ ಕಾರ್ಖಾನೆಯಲ್ಲಾದ ಸ್ಫೋಟವೇ ಸಾಕ್ಷಿ. ಅಲ್ಲಿ ೧೪ ಮಂದಿ ಮಡಿದರು.

ಕಿಡಿಯಿಲ್ಲದ ಉಪಾಯದ ಬೀಜ ಬಿದ್ದದ್ದು ೧೮೩೧ರಲ್ಲಿ. ಪುಸ್ತಕಗಳಿಗೆ ರಟ್ಟು ಕಟ್ಟುತ್ತ, ಅವನ್ನೇ ಓದಿ ಬೆಳೆದ ಮೈಕೇಲ್ ಫ್ಯಾರಡೆ, ಒಂದು ಸುರುಳಿಯ ಪ್ರವಾಹ ಬದಲಾದಾಗ ಬಳಿಯ ಇನ್ನೊಂದು ಸುರುಳಿಯಲ್ಲಿ ಮುಟ್ಟದೆಯೇ ವಿದ್ಯುತ್ ಹುಟ್ಟುವುದನ್ನು ಕಂಡನು. ಈಗ ನೆಲದಲ್ಲಿ ಹುದುಗಿಸಿದ ತಾಮ್ರದ ಸುರುಳಿಯ ಮೇಲೆ ಬಂಡಿ ನಿಂತರಾಯಿತು. ಅದರ ತಳದ ಸುರುಳಿ ಶಕ್ತಿಯನ್ನು ಹೀರಿಕೊಳ್ಳುತ್ತದೆ. ದಕ್ಷಿಣ ಕೊರಿಯಾದ ಗುಮಿ ನಗರದಲ್ಲಿ ೨೦೧೩ರಲ್ಲಿ ಬಸ್ಸುಗಳೇ ಈ ಬಗೆಯಲ್ಲಿ ಓಡಿದುವು.

ಮಿತಿಗಳೂ ಉಂಟು. ಸುರುಳಿಗಳ ಅಂತರ ಹೆಚ್ಚಿದಂತೆ ಶಕ್ತಿಯ ನಷ್ಟ ಹೆಚ್ಚುತ್ತದೆ. ನಡುವೆ ಕಬ್ಬಿಣದ ಚೂರು ಸಿಕ್ಕಿದರೆ ಕಾಯುತ್ತದೆ. ವೆಚ್ಚವೂ ಕೇಬಲಿಗಿಂತ ಅಧಿಕ. ಆದರೆ ಹಮಾಲನ ಬೆನ್ನಿಗೂ ಅವನ ಪ್ರಾಣಕ್ಕೂ ಬೆಲೆ ಕಟ್ಟಿ ನೋಡಿದಾಗ ಈ ಲೆಕ್ಕವೇ ಬೇರೆಯಾದೀತು.